ಮನೆಗೆ ಮುಟ್ಟಿಸಿದ ಮೇಲೆ

ಹಂಪಿಯ ಎದುರು ದಂಡೆಯ ವಿರೂಪಾಪುರಗಡ್ಡೆಯ ಹೋಟೆಲು, ರೆಸಾರ್ಟುಗಳ ಮೇಲೆ ಜೆಸಿಬಿ ಹರಿದದ್ದು 2020ರ ಮಾರ್ಚ್ 3ರಂದು. ಅದಕ್ಕೆ ಮೂರು ವಾರ ಮೊದಲು, ಫೆಬ್ರುವರಿ 11ರಂದು, ಹೈಕೋರ್ಟಿನ 2015ರ ಆದೇಶವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದಿತ್ತು. 1988ರ ಅಧಿಸೂಚನೆಯಂತೆ ಗಡ್ಡೆ ಸಂರಕ್ಷಿತ ಪ್ರದೇಶ, ಅಲ್ಲಿ ಅನುಮತಿಯಿಲ್ಲದೆ ಎದ್ದ ಕಟ್ಟಡ ಉಳಿಯುವಂತಿಲ್ಲ ಎಂಬುದು ತೀರ್ಪಿನ ಸಾರ. ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ನೆಲಸಮದ ಲೆಕ್ಕದಲ್ಲಿ ಇದ್ದದ್ದು ಕಟ್ಟಡಗಳು. ಅವುಗಳೊಳಗೆ ಕೋಣೆ ಗುಡಿಸಿ, ಪಾತ್ರೆ ತೊಳೆದು, ಬಾಡಿಗೆ ಮೊಪೆಡ್ ಒರೆಸಿ, ರಾತ್ರಿ ಅಲ್ಲೇ ಅಡುಗೆಮನೆಯ ಪಕ್ಕ ಮಲಗುತ್ತಿದ್ದ ಹುಡುಗರು ಆ ಲೆಕ್ಕಕ್ಕೆ ಬರುವವರಲ್ಲ. ಅಂಥವರಿಗೆ ಕೆಲಸದ ಜಾಗವೇ ಮನೆ. ಕೆಲಸ ಹೋಯಿತೆಂದರೆ ಅದೇ ಹೊತ್ತಿಗೆ ತಲೆ ಮೇಲಿನ ಸೂರೂ ಹೋಯಿತು. ಮತ್ತೆ ಮೂರು ವಾರಕ್ಕೆ, ಮಾರ್ಚ್ 24ರ ರಾತ್ರಿ, ಇಡೀ ದೇಶಕ್ಕೇ ಬೀಗ ಬಿತ್ತು.

ಗಡ್ಡೆಯಲ್ಲಿ ವರ್ಷಗಟ್ಟಲೆ ಎರಡು ಬಗೆಯ ಮನೆ ಬಿಟ್ಟವರು ಎದುರುಬದುರಾಗುತ್ತಿದ್ದರು. ಒಬ್ಬರು ಕಡ್ಡಾಯ ಸೇನಾ ಸೇವೆ ಮುಗಿಸಿ ಆರು ತಿಂಗಳು ಊರು ಸುತ್ತಲು ಹೊರಟ ಇಸ್ರೇಲಿನ ತರುಣರು, ಕಾಲೇಜು ಅರ್ಧಕ್ಕೆ ಬಿಟ್ಟು ಬಂದ ಯುರೋಪಿನವರು. ಅವರ ಕೈಯಲ್ಲಿ ಪಾಸ್‌ಪೋರ್ಟು, ವಾಪಸು ಟಿಕೆಟ್ಟು. ಅವರನ್ನು ಓಡಿ ಬಂದವರು ಎಂದು ಯಾರೂ ಕರೆಯಲಿಲ್ಲ. ಇನ್ನೊಬ್ಬರು ಅವರಿಗೆ ತಟ್ಟೆ ತಂದಿಡುವವರು. ಅವರಲ್ಲಿ ಹೆಚ್ಚಿನವರು ಸುತ್ತಲ ಹಳ್ಳಿಗಳಿಂದ ನೆಟ್ಟಗೆ ಕೆಲಸಕ್ಕೆಂದೇ ಬಂದವರು. ಆದರೆ ಪ್ರವಾಸಿ ಜಾಗದ ಹೋಟೆಲು, ಹೆದ್ದಾರಿಯ ಢಾಬಾ, ಕಟ್ಟಡದ ಕೆಲಸ, ಇವು ಮೂರೂ ಮನೆಯಲ್ಲಿ ಜಗಳವಾಡಿ ಹೊರಬಿದ್ದ ಹುಡುಗನಿಗೆ ಹೆಸರು ವಿಳಾಸ ಕೇಳದೆ ಊಟ ಹಾಕುವ ಜಾಗಗಳು. ಊರಲ್ಲಿ ಅವನ ಬಗ್ಗೆ ಎರಡು ಮಾತು ಇರುತ್ತವೆ. ಮೊದಲ ವಾರ 'ಮನಿ ಬಿಟ್ಟು ಓಡಿ ಹೋಗ್ಯಾನ'. ಒಂದು ಸಲ ಫೋನು ಬಂದು, ಎರಡು ಸಾವಿರ ರೂಪಾಯಿ ಕಳಿಸಿದನೆಂದರೆ 'ದುಡಿಯಾಕ ಹೋಗ್ಯಾನ'. ಅಲ್ಲಿಗೆ ಹುಡುಕಾಟ ನಿಂತಿತು.

ಗಡ್ಡೆಯನ್ನು ನಾವು 'ಹಿಪ್ಪಿ ದ್ವೀಪ' ಎಂದು ಕರೆದುಕೊಂಡು ಬಂದೆವು. ಆ ಹಿಪ್ಪಿಗಳ ತವರಾದ ಸ್ಯಾನ್ ಫ್ರಾನ್ಸಿಸ್ಕೋದ ಹೇಟ್-ಆಶ್‌ಬರಿ ಬಡಾವಣೆಗೆ 1967ರ ಬೇಸಿಗೆಯಲ್ಲಿ ಅಮೆರಿಕದ ಮೂಲೆಮೂಲೆಯಿಂದ ಮನೆ ಬಿಟ್ಟ ಹುಡುಗ ಹುಡುಗಿಯರು ಬಂದು ಸುರಿದರು. ಅದೇ ಜೂನ್‌ನಲ್ಲಿ ಅಲ್ಲಿನ ಕೆಲವು ಚರ್ಚುಗಳವರು ಸೇರಿ 'ಹಕಲ್‌ಬರಿ ಹೌಸ್' ಎಂಬ ಮನೆ ತೆರೆದರು. ಓಡಿ ಬಂದ ಮಗು ಒಂದೆರಡು ರಾತ್ರಿ ಅಂಜಿಕೆಯಿಲ್ಲದೆ ಮಲಗಲಿ, ಆಮೇಲೆ ಅಪ್ಪ ಅಮ್ಮನ ಜೊತೆ ಮಾತು ಕೂಡಿಸೋಣ ಎಂಬುದು ಅದರ ಲೆಕ್ಕ. ಆಗ ಅಲ್ಲಿ ಮನೆ ಬಿಡುವುದೇ ಪೊಲೀಸರು ಹಿಡಿದೊಯ್ಯುವಂಥ ತಪ್ಪಾಗಿತ್ತು. ಏಳು ವರ್ಷ ಕಳೆದ ಮೇಲೆ, 1974ರಲ್ಲಿ, ಆ ದೇಶ ಓಡಿ ಹೋದ ಮಕ್ಕಳಿಗಾಗಿಯೇ ಒಂದು ಕಾಯಿದೆ ಮಾಡಿತು. ಇಂದಿಗೂ ಆ ಕಾಯಿದೆಯಡಿ ಚಿಕ್ಕವರಿಗೆ 21 ದಿನದವರೆಗೆ ತಾತ್ಕಾಲಿಕ ಆಶ್ರಯ, 16 ದಾಟಿದ, ಮನೆಗೆ ಹೋಗಲಾಗದವರಿಗೆ ಸುಮಾರು ಒಂದೂವರೆ ವರ್ಷ ನೆಲೆ ಎಂದು ಎರಡು ಬೇರೆ ಏರ್ಪಾಡುಗಳಿವೆ. ಅಮೆರಿಕದ ಬೀದಿಗಳಲ್ಲಿ ಮಕ್ಕಳು ಮಲಗುವುದು ನಿಂತಿಲ್ಲ, ಅದನ್ನು ಮಾದರಿ ಎಂದು ಹೊಗಳುವುದು ಬೇಡ. ಅವರು ಹನ್ನೆರಡರವನನ್ನೂ ಹದಿನೇಳರವನನ್ನೂ ಒಂದೇ ಬಾಗಿಲಿನಲ್ಲಿ ನಿಲ್ಲಿಸಲಿಲ್ಲ ಎಂಬಷ್ಟನ್ನು ಮಾತ್ರ ಇಲ್ಲಿ ನೆನಪಿಟ್ಟುಕೊಂಡರೆ ಸಾಕು.

ನಮ್ಮ ಕಡೆಯ ಕಥೆಗೆ ತಾರೀಕು ಹಾಕಬೇಕೆಂದರೆ 1992 ಎನ್ನಬೇಕು. ಆ ವರ್ಷ ರಾಯಚೂರಿನಲ್ಲಿ ಪ್ರಮೋದ್ ಕುಲಕರ್ಣಿಯವರು 'ಸಾಥಿ' ಸಂಸ್ಥೆ ಆರಂಭಿಸಿದರು. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ರಾಯಚೂರು ಜಿಲ್ಲೆಯ ತಾಲ್ಲೂಕುಗಳೇ. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟ್‌ನಲ್ಲಿ. ಅಂದರೆ ಮುಂದೆ ದೇಶದ ದೊಡ್ಡ ದೊಡ್ಡ ಜಂಕ್ಷನ್ನುಗಳಿಗೆ ಹಬ್ಬಿದ ಒಂದು ಪದ್ಧತಿಯ ಬೇರು ನಮ್ಮದೇ ಹಳೇ ಜಿಲ್ಲೆಯಲ್ಲಿದೆ. ಬೆಂಗಳೂರಿನಲ್ಲಿ ಅದಕ್ಕೂ ಹಿಂದೆ, 1980ರಲ್ಲೇ, ಡಾನ್ ಬಾಸ್ಕೋದವರು 'ಬೆಂಗಳೂರು ಓಣಿಯವರ ಸೇವಾ ಕೂಟ' ಕಟ್ಟಿ ಬೀದಿ ಮಕ್ಕಳ ನಡುವೆ ಕೆಲಸ ಶುರು ಮಾಡಿದ್ದರು. ಜನ ಅದನ್ನು ಬಾಸ್ಕೋ ಎಂದೇ ಬಲ್ಲರು. ಆದರೆ ರಾಜಧಾನಿಯ ಅನುಭವ ಬೇರೆ, ರಾಯಚೂರಿನಂಥ ಊರಿನದು ಬೇರೆ. ಬೆಂಗಳೂರಿಗೆ ಮಕ್ಕಳು ಹೋಗಿ ಸೇರುತ್ತಾರೆ. ನಮ್ಮ ಕಡೆಯಿಂದ ಅವರು ಹೊರಡುತ್ತಾರೆ.

ಸಾಥಿಯವರೂ ಮೊದಲು ಎಲ್ಲರಂತೆ ಆಶ್ರಯದ ಮನೆ ನಡೆಸಿದರು. ಅನ್ನ, ಬಟ್ಟೆ, ಹಾಸಿಗೆ, ಒಂದಿಷ್ಟು ಅಕ್ಷರ. ನಡೆಸುತ್ತ ನಡೆಸುತ್ತ ಅವರಿಗೆ ತಿಳಿದದ್ದು, ಪ್ಲಾಟ್‌ಫಾರಂ ಮೇಲೆ ಸಿಗುವ ಮಕ್ಕಳಲ್ಲಿ ಬಹುಪಾಲಿಗೆ ಮನೆ ಇದೆ, ಹೆತ್ತವರಿದ್ದಾರೆ, ಹೊರಟ ಕಾರಣ ಒಂದು ಏಟು, ಒಂದು ನಪಾಸು, ಒಂದು ಕದ್ದ ಐವತ್ತು ರೂಪಾಯಿ ಎಂಬುದು. ಅಂಥ ಮಗುವನ್ನು ಆಶ್ರಯದಲ್ಲಿ ಇಟ್ಟುಕೊಂಡಷ್ಟೂ ಅದು ಮನೆಯಿಂದ ದೂರವಾಗುತ್ತ ಹೋಗುತ್ತದೆ. ಅನ್ನ ಹಾಕುವ ಕೈಯೇ ದಾರಿ ಮುಚ್ಚಿಬಿಡಬಹುದು. ಹಾಗಾಗಿ ಅವರು ದಿಕ್ಕು ಬದಲಿಸಿದರು. ರೈಲಿನಿಂದ ಇಳಿದ ಮಗುವನ್ನು ಮೊದಲ ದಿನವೇ, ನಿಲ್ದಾಣದ ದೊಡ್ಡ ಹುಡುಗರ ಕೈಗೆ, ಸೊಲ್ಯೂಷನ್ ಮೂಸುವ ಚಟಕ್ಕೆ ಬೀಳುವ ಮುಂಚೆ ಕಾಣುವುದು. ಮಾತಾಡಿಸಿ ವಿಳಾಸ ತಿಳಿಯುವುದು. ಮನೆಗೆ ಒಯ್ದು ಬಿಡುವುದು. ತಿಂಗಳುಗಟ್ಟಲೆ ಬೀದಿಯಲ್ಲಿದ್ದು ಮನಸ್ಸು ಗಟ್ಟಿಯಾದವರಿಗೆ ಊರಾಚೆ ಒಂದು ತಿಂಗಳಷ್ಟು ಕಾಲದ ಶಿಬಿರ. ಅಲ್ಲಿ ಆಟ, ಹಾಡು, ಕೆಲಸ, ಮಾತು. ಕೊನೆಗೆ ಅಪ್ಪ ಅಮ್ಮ ಬಂದು ಕರೆದೊಯ್ಯುತ್ತಾರೆ. ಈ ಕೆಲಸದ ಕುರಿತು ಮಾಲ್ಕಂ ಹಾರ್ಪರ್ ಮತ್ತು ಲಲಿತಾ ಅಯ್ಯರ್ ಒಂದು ಪುಸ್ತಕವನ್ನೇ ಬರೆದಿದ್ದಾರೆ. ರಾಯಚೂರಿನ ಹೆಸರು ದೇಶ ದಾಟಿ ಹೋದ ಅಪರೂಪದ ಸಂದರ್ಭಗಳಲ್ಲಿ ಅದೂ ಒಂದು.

ಆ ಹೊತ್ತಿನ ಕಾನೂನು ಹೇಗಿತ್ತೆಂದು ಇವತ್ತಿನವರಿಗೆ ಹೇಳಬೇಕು. 1986ರ ಬಾಲನ್ಯಾಯ ಕಾಯಿದೆಯಲ್ಲಿ ಹುಡುಗನೆಂದರೆ 16ರ ಒಳಗಿನವ, ಹುಡುಗಿಯೆಂದರೆ 18ರ ಒಳಗಿನವಳು. ಹದಿನಾರೂವರೆಯ ಹುಡುಗ ನಿಲ್ದಾಣದಲ್ಲಿ ಸಿಕ್ಕರೆ ಅವನು ಮಗುವಲ್ಲ, ಸಂಶಯದ ಮನುಷ್ಯ. ಸಿಕ್ಕ ಚಿಕ್ಕವರು ಹೋಗುತ್ತಿದ್ದ ಜಾಗಕ್ಕೆ ಜನರ ಬಾಯಲ್ಲಿ ಇದ್ದ ಹೆಸರು ರಿಮ್ಯಾಂಡ್ ಹೋಂ. ಕಳ್ಳತನ ಮಾಡಿದವನೂ ಹಸಿದು ಕೂತವನೂ ಊರಿನ ಕಣ್ಣಿಗೆ ಒಂದೇ. 2000ದ ಕಾಯಿದೆ ಇಬ್ಬರಿಗೂ ವಯಸ್ಸನ್ನು 18 ಮಾಡಿತು. 2015ರ ಕಾಯಿದೆ, ಮನೆ ಬಿಟ್ಟು ಹೋದ ಮಗುವನ್ನು ಪಾಲನೆ ಪೋಷಣೆ ಬೇಕಾದ ಮಕ್ಕಳ ಪಟ್ಟಿಯಲ್ಲಿ ಹೆಸರಿಸಿಯೇ ಸೇರಿಸಿತು. ಸಿಕ್ಕ ಮಗುವನ್ನು, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರು ಮಾಡಬೇಕು. ಇವು ಸಣ್ಣ ಗೆಲುವುಗಳಲ್ಲ.

ನಡುವೆ ಫೋನೂ ಬಂತು. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ 1996ರಲ್ಲಿ ಜೆರೂ ಬಿಲಿಮೋರಿಯಾ ಆರಂಭಿಸಿದ 1098 ಸಹಾಯವಾಣಿ, ಹತ್ತು ಒಂಬತ್ತು ಎಂಟು, ಮೆಲ್ಲಮೆಲ್ಲನೆ ಜಿಲ್ಲೆಗಳನ್ನು ತಲುಪಿತು. 2013ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಮಗು ಕಾಣೆಯಾದ ಪ್ರತಿಯೊಂದು ದೂರಿಗೂ ಎಫ್‌ಐಆರ್ ಹಾಕಲೇಬೇಕು ಎಂದಿತು. ಅಲ್ಲಿಯವರೆಗೆ ಠಾಣೆಯಲ್ಲಿ 'ಇನ್ನೆರಡು ದಿನ ನೋಡ್ರಿ, ಬರ್ತಾನ' ಎಂಬುದೇ ಪದ್ಧತಿ. ರೈಲ್ವೆಯೂ 2015ರಲ್ಲಿ ನಿಲ್ದಾಣಗಳಲ್ಲಿ ಸಿಗುವ ಮಕ್ಕಳ ವಿಷಯದಲ್ಲಿ ಏನೇನು ಮಾಡಬೇಕೆಂದು ಬರೆದಿಟ್ಟುಕೊಂಡಿತು. 2023ರಲ್ಲಿ 1098 ಸ್ವಯಂಸೇವಾ ಸಂಸ್ಥೆಗಳ ಕೈಯಿಂದ ಸರ್ಕಾರದ ಕೈಗೆ ಬಂದು, 112ರ ಜೊತೆ ಕೂಡಿತು. ಇದರಿಂದ ಕರೆಗೆ ಪೊಲೀಸರು ಬೇಗ ಬರಬಹುದು. ಪೊಲೀಸರೇ ಬರುತ್ತಾರೆಂಬ ಅಂಜಿಕೆಯಿಂದ ಕರೆಯನ್ನೇ ಮಾಡದ ಮಗುವೂ ಇರಬಹುದು. ಇದು ನಮ್ಮ ಊಹೆ. ಆದರೆ ಮಕ್ಕಳ ಜೊತೆ ಕೆಲಸ ಮಾಡಿದವರು ಇದನ್ನು ತಳ್ಳಿಹಾಕುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಹಿಂತಿರುಗಿ ನೋಡಿದರೆ ಕಾಣುವುದೇನು? ಹಿಡಿಯುವ ತುದಿ ಗಟ್ಟಿಯಾಗಿದೆ. ಮುಟ್ಟಿಸುವ ತುದಿಯೂ ಒಂದು ಮಟ್ಟಿಗೆ ಗಟ್ಟಿಯಾಗಿದೆ. ಮುಟ್ಟಿಸಿದ ಮಾರನೆಯ ದಿನದಿಂದ ಆಚೆಗೆ ನಾವು ಏನನ್ನೂ ಕಟ್ಟಿಲ್ಲ. ಮುಟ್ಟಿಸಲು ಮನೆಯೇ ಇಲ್ಲದ, ಅಥವಾ ಮನೆಗೆ ಕಳಿಸಬಾರದ ಹದಿನಾರು ಹದಿನೇಳರವರಿಗಂತೂ ಮೊದಲಿನಿಂದಲೂ ಏನಿಲ್ಲ.

ಕುಷ್ಟಗಿ, ಯಲಬುರ್ಗಾ ಕಡೆಯ ಮನೆಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಗಾವತಿ ಭತ್ತದ ಕಣಜ, ಎಡದಂಡೆ ಕಾಲುವೆಯ ನೀರು ಕಂಡ ನೆಲ. ಅಲ್ಲಿಂದ ಪಶ್ಚಿಮಕ್ಕೆ ಸರಿದಂತೆ ಮಳೆ ನಂಬಿದ ಎರೆ, ಮಸಾರಿ. ಸುಗ್ಗಿ ಮುಗಿಯುತ್ತಲೇ ಗುಳೆ: ಬೆಂಗಳೂರು, ಮಂಗಳೂರು, ಗೋವಾ, ಮಹಾರಾಷ್ಟ್ರ. ಮನೆಯಲ್ಲಿ ಅಜ್ಜಿ, ಇಬ್ಬರು ಮಕ್ಕಳು. ಹತ್ತಿ ಬೀಜೋತ್ಪಾದನೆಯ ಹೊಲದಲ್ಲಿ ಕ್ರಾಸಿಂಗ್ ಕೆಲಸ ಬಂದರೆ ಶಾಲೆ ತಪ್ಪುತ್ತದೆ, ತಪ್ಪಿದ ಶಾಲೆಗೆ ಮತ್ತೆ ಹೋಗಲು ನಾಚಿಕೆ. ಇಂಥ ಮನೆಯಿಂದ ಹೋದ ಹುಡುಗ ಹದಿನೈದು ದಿನಕ್ಕೆ ಸಿಕ್ಕ, ಸಮಿತಿ ಆದೇಶ ಕೊಟ್ಟಿತು, ಒಬ್ಬ ಸಿಬ್ಬಂದಿ ಬಸ್ಸಿನಲ್ಲಿ ಕರೆತಂದು ಸಹಿ ಹಾಕಿಸಿಕೊಂಡು ಹೋದ. ಮನೆಯ ಬಾಗಿಲು ತೆರೆದವಳು ಅಜ್ಜಿ. ಅಪ್ಪ ಅಮ್ಮ ಇರುವುದು ಹೊರರಾಜ್ಯದ ಯಾವುದೋ ಕಟ್ಟಡದ ಕೆಳಗಿನ ಶೆಡ್ಡಿನಲ್ಲಿ. ಹುಡುಗ ಯಾರಿಗಾಗಿ, ಯಾತಕ್ಕಾಗಿ ನಿಲ್ಲಬೇಕು? ಎರಡನೆಯ ಸಲ ಹೋಗುವವನು ಮೊದಲ ಸಲದವನಿಗಿಂತ ಜಾಣ. ತಪ್ಪು ವಿಳಾಸ ಹೇಳುವುದು, ವಯಸ್ಸು ಹತ್ತೊಂಬತ್ತು ಎನ್ನುವುದು, ಖಾಕಿ ಕಂಡರೆ ಇನ್ನೊಂದು ಬೋಗಿಗೆ ಸರಿಯುವುದು ಅವನಿಗೆ ಗೊತ್ತು.

ಬಾಲನ್ಯಾಯದ ನಿಯಮಗಳು ಪ್ರತಿ ಮಗುವಿಗೂ ವೈಯಕ್ತಿಕ ಪಾಲನಾ ಯೋಜನೆ ಬರೆಯಬೇಕು, ಮನೆಗೆ ಕಳಿಸಿದ ಮೇಲೂ ಹಿಂದೆ ಬಿದ್ದು ವಿಚಾರಿಸಬೇಕು ಎನ್ನುತ್ತವೆ. 2022ರಲ್ಲಿ ಬಂದ ಮಿಷನ್ ವಾತ್ಸಲ್ಯ ಮಾರ್ಗಸೂಚಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಷ್ಟದಲ್ಲಿರುವ ಮಗು ಮನೆಯಲ್ಲೇ ಉಳಿಯಲೆಂದು ತಿಂಗಳಿಗೆ 4000 ರೂಪಾಯಿ ಪ್ರಾಯೋಜಕತ್ವದ ನೆರವು ಇಟ್ಟಿದೆ. ಹಳ್ಳಿಯ ಮನೆಗೆ ವರ್ಷದ ಆದಾಯ 72 ಸಾವಿರ ಮೀರಬಾರದು. ಕಾಣೆಯಾಗಿ, ಓಡಿ ಹೋಗಿ ಸಿಕ್ಕ ಮಕ್ಕಳೂ ಆ ಪಟ್ಟಿಯಲ್ಲಿದ್ದಾರೆ. ಈ ಸವಲತ್ತಿನ ಸುದ್ದಿ ನಮ್ಮ ಹಳ್ಳಿಗಳಲ್ಲಿ ಬಹುತೇಕ ತಂದೆ ಸತ್ತ ಮಕ್ಕಳ ಯೋಜನೆಯೆಂದೇ ಹಬ್ಬಿದೆ. ಹುಡುಗನನ್ನು ಮನೆಗೆ ಕರೆತಂದ ದಿನವೇ ಅರ್ಜಿ ತುಂಬಿಸಿಕೊಂಡು ಹೋದರೆ ಅರ್ಧ ಕೆಲಸ ಮುಗಿಯುತ್ತದೆ.

ಹುಡುಗಿಯರ ಕಥೆಗೆ ಬಂದರೆ ಮಾತು ಬಿಗಿಯಾಗುತ್ತದೆ. 'ಓಡಿ ಹೋದಳು' ಎಂಬುದಕ್ಕೆ ನಮ್ಮೂರುಗಳಲ್ಲಿ ಇರುವುದು ಒಂದೇ ಅರ್ಥ. ಅವಳು ಒಬ್ಬಳೇ ಹೋಗಿರಬಹುದು, ಮದುವೆ ತಪ್ಪಿಸಿಕೊಳ್ಳಲು ಹೋಗಿರಬಹುದು ಎಂದು ಯಾರೂ ಕೇಳುವುದಿಲ್ಲ. ಬಾಲ್ಯವಿವಾಹ ಮೊದಲಿಂದಲೇ ಅಸಿಂಧು ಎಂದು ಕರ್ನಾಟಕ ತಿದ್ದುಪಡಿ ಮಾಡಿಕೊಂಡು ವರ್ಷಗಳಾದವು. ಆದರೂ ನಿಶ್ಚಯವಾದ ಮದುವೆಗೆ ಒಲ್ಲೆ ಎಂದು ಬಸ್ಸು ಹತ್ತಿದ ಹದಿನಾರರ ಹುಡುಗಿಯನ್ನು ಹಿಡಿದು ತಂದು, ಅದೇ ಮನೆಯವರಿಂದ ಮುಚ್ಚಳಿಕೆ ಬರೆಸಿಕೊಂಡು, ಅದೇ ಮನೆಗೆ ಬಿಟ್ಟರೆ ಅದಕ್ಕೆ ರಕ್ಷಣೆ ಎಂಬ ಹೆಸರು ಸಲ್ಲುವುದೇ? ಜೊತೆಗೆ ಒಬ್ಬ ಹುಡುಗನಿದ್ದರೆ ಪೋಕ್ಸೊ. ಅವಳು ಬಾಲಮಂದಿರಕ್ಕೆ, ಅವನು ವಯಸ್ಸು ನೋಡಿ ವೀಕ್ಷಣಾಲಯಕ್ಕೋ ಜೈಲಿಗೋ. ಹದಿನಾರು ದಾಟಿದ ಹುಡುಗಿಯೊಬ್ಬಳು ಪ್ರೀತಿಸಿ ಹೋದ ಪ್ರಕರಣದಲ್ಲಿ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ, ಸಮ್ಮತಿಯ ವಯಸ್ಸಿನ ಬಗ್ಗೆ ಮತ್ತೆ ಯೋಚಿಸಿರೆಂದು ಕಾನೂನು ಆಯೋಗಕ್ಕೆ ಹೇಳಿತ್ತು. ಆಯೋಗ 2023ರಲ್ಲಿ ವಯಸ್ಸು ಇಳಿಸುವುದು ಬೇಡವೆಂದಿತು. 16ರಿಂದ 18ರವರ ವಿಷಯದಲ್ಲಿ ನ್ಯಾಯಾಲಯಕ್ಕೆ ಒಂದಿಷ್ಟು ವಿವೇಚನೆ ಇರಲಿ ಎಂದಿತು. ಆ ಚರ್ಚೆ ನಡೆಯಲಿ. ಅದು ಮುಗಿಯುವ ತನಕ ಆ ಹುಡುಗಿಗೆ ಎಲ್ಲಿ ಮಲಗಲು ಹೇಳೋಣ? ತವರಿನಲ್ಲಿ ಪ್ರಾಣಭಯ, ಬಾಲಮಂದಿರದಲ್ಲಿ ಹದಿನೆಂಟು ತುಂಬುವ ದಿನದ ಎಣಿಕೆ. ಹದಿನೆಂಟರ ಮಾರನೆಯ ದಿನ ಯಾರ ಕೈ ಹಿಡಿದು ಹೊರಡಬೇಕೋ ಅವಳಿಗೇ ಗೊತ್ತಿಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸು ಉಚಿತ. ಒಳ್ಳೆಯದೇ ಆಯಿತು. ಅಂಜಿ ಓಡುವ ಹುಡುಗಿಗೂ ಈಗ ಟಿಕೆಟ್ಟಿನ ದುಡ್ಡು ಬೇಕಿಲ್ಲ, ಆಧಾರ್ ತೋರಿಸಿದರೆ ಸಾಕು. ಹಾಗೆ ತೋರಿಸುವಾಗ ಅವಳ ಮುಖವನ್ನೂ ಹುಟ್ಟಿದ ವರ್ಷವನ್ನೂ ಒಟ್ಟಿಗೆ ನೋಡುವ ಮೊದಲ ದೊಡ್ಡವರು ಕಂಡಕ್ಟರು. ಕಲ್ಯಾಣ ಕರ್ನಾಟಕ ಸಾರಿಗೆಯ ಕಂಡಕ್ಟರುಗಳಿಗೆ ಇದೊಂದು ವಿಷಯದಲ್ಲಿ ಅರ್ಧ ದಿನದ ತರಬೇತಿ ಕೊಡಲು ಯಾವ ದೊಡ್ಡ ಬಜೆಟ್ಟೂ ಬೇಡ. ರಾತ್ರಿ ಹತ್ತರ ಬಸ್ಸಿನಲ್ಲಿ ಒಬ್ಬಳೇ ಕೂತ ಹುಡುಗಿಯನ್ನು ಗದರಿಸದೆ ಕೇಳುವುದು ಹೇಗೆ, ಆಮೇಲೆ ಯಾರಿಗೆ ಫೋನು ಮಾಡುವುದು, ಇಷ್ಟೇ.

ಹದಿನೆಂಟು ತುಂಬಿದ ಮೇಲಿನ ಲೆಕ್ಕಕ್ಕೆ ಕಾಯಿದೆಯಲ್ಲಿ ಅನುಪಾಲನೆ ಎಂಬ ಹೆಸರಿದೆ. 21ರವರೆಗೆ, ಕೆಲವರಿಗೆ 23ರವರೆಗೆ ನೆರವು ಕೊಡಬಹುದು. ಆದರೆ ಅದಕ್ಕೆ ಅರ್ಹರು ಬಾಲಮಂದಿರದಂಥ ಸಂಸ್ಥೆಯಲ್ಲಿ ಬೆಳೆದು ಹೊರಬಂದವರು. ಹದಿನೇಳರಲ್ಲಿ ಮನೆ ಬಿಟ್ಟು, ಯಾರ ಕೈಗೂ ಸಿಗದೆ, ಹತ್ತೊಂಬತ್ತರಲ್ಲಿ ಕೆಲಸ ಕಳೆದುಕೊಂಡವನು ಯಾವ ಸಂಸ್ಥೆಯಿಂದಲೂ ಹೊರಬಂದವನಲ್ಲ. ಅವನಿಗೆ ಉಳಿಯುವುದು ನಗರ ವಸತಿರಹಿತರ ಆಶ್ರಯ ಕೇಂದ್ರ. ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಜನರಿಗೆ ಆಶ್ರಯ ಎಂಬುದು ಅದರ ಮಾನದಂಡ. ಗಂಗಾವತಿ ನಗರ 2011ರ ಜನಗಣತಿಯಲ್ಲೇ ಲಕ್ಷ ದಾಟಿತ್ತು. ಇದ್ದರೂ ಅಂಥ ಕೇಂದ್ರ ವಯಸ್ಸಾದವರ, ಕಾಯಿಲೆಯವರ, ಕುಡಿತಕ್ಕೆ ಬಿದ್ದವರ ನಡುವಿನ ಒಂದು ಚಾಪೆ. ಹತ್ತೊಂಬತ್ತರ ಹುಡುಗ ಅಲ್ಲಿಗಿಂತ ಬಸ್ ನಿಲ್ದಾಣವೇ ಮೇಲೆನ್ನುತ್ತಾನೆ.

ಸರ್ಕಾರದ ಹೊರಗೆ ನಮ್ಮ ಜಿಲ್ಲೆಯ ದೊಡ್ಡ ಆಸರೆ ಎಂದರೆ ಕೊಪ್ಪಳದ ಗವಿಮಠ. ಅನ್ನವೂ ಅಕ್ಷರವೂ ಅಲ್ಲಿ ಒಟ್ಟಿಗೇ ಸಿಗುತ್ತವೆ. 2022ರಲ್ಲಿ ಐದು ಸಾವಿರ ವಿದ್ಯಾರ್ಥಿಗಳ ವಸತಿನಿಲಯಕ್ಕೆ ಅಡಿಗಲ್ಲು ಹಾಕುವಾಗ ಸ್ವಾಮೀಜಿ ಮಾತಾಡಲಾಗದೆ ಕಣ್ಣೀರಿಟ್ಟದ್ದನ್ನು ನಾಡೇ ನೋಡಿತು. ಬಡ ಮಕ್ಕಳಿಗೆ ಇದರಷ್ಟು ದೊಡ್ಡ ಉಪಕಾರ ಈ ಭಾಗದಲ್ಲಿ ಇನ್ನೊಂದಿಲ್ಲ. ಆದರೆ ಯಾವುದೇ ವಸತಿನಿಲಯಕ್ಕೆ ಸೇರಲು ಶಾಲೆಯ ದಾಖಲೆ ಬೇಕು, ಪಾಲಕರ ಸಹಿ ಬೇಕು. ಓಡಿ ಬಂದವನಲ್ಲಿ ಇಲ್ಲದ ಎರಡು ಕಾಗದಗಳು ಅವೇ. ಮಠದಷ್ಟು ಜನರ ನಂಬಿಕೆ ಗಳಿಸಿದ ಜಾಗ, ಸಮಿತಿಯ ಒಪ್ಪಿಗೆ ಪಡೆದು, ಶಾಲೆಗೆ ಮರಳಲು ಒಪ್ಪಿದ ಕೆಲವೇ ಮಕ್ಕಳಿಗೆ ಒಂದು ಬಾಗಿಲು ತೆರೆದಿಟ್ಟರೆ ಅದನ್ನು ನೋಡಿ ಉಳಿದವರೂ ತೆರೆದಾರು. ಓದು ಒಲ್ಲದವರಿಗೆ ಕೈಕೆಲಸ ಬೇಕು. ಆನೆಗೊಂದಿಯ ಕಿಷ್ಕಿಂಧಾ ಟ್ರಸ್ಟ್ 1997ರಿಂದ ಬಾಳೆನಾರಿನ ಕೆಲಸವನ್ನು ಕಲಿಸಿ ಸ್ಥಳೀಯರ, ಅದರಲ್ಲೂ ಹೆಣ್ಣುಮಕ್ಕಳ, ಕೈಗೆ ಸಂಪಾದನೆ ತಂದಿದೆ. ನದಿಯ ಈ ದಂಡೆಯಲ್ಲೇ ಅಂಥದ್ದು ಸಾಧ್ಯವಾಗಿರುವಾಗ ಮಾದರಿ ಹುಡುಕಿ ದೂರ ಹೋಗಬೇಕಾಗಿಲ್ಲ.

ಇನ್ನು ನಕ್ಷೆಯ ಮಾತು. ಗಡ್ಡೆ ಕೊಪ್ಪಳ ಜಿಲ್ಲೆ; ಬೋಟಿನಲ್ಲಿ ಕೆಲವೇ ನಿಮಿಷಕ್ಕೆ ಸಿಗುವ ಹಂಪಿಯ ದಂಡೆ 2021ರಿಂದ ವಿಜಯನಗರ ಜಿಲ್ಲೆ. ನಮ್ಮ ಮಕ್ಕಳು ದೂರದ ರೈಲು ಹಿಡಿಯುವ ಹೊಸಪೇಟೆ ಜಂಕ್ಷನ್ನೂ ಆ ಕಡೆಯದೇ. ಹುಡುಗ ಹೊಳೆ ದಾಟಿದರೆ ಸಮಿತಿ ಬೇರೆ, ಠಾಣೆ ಬೇರೆ, ಕಡತ ಬೇರೆ. ರೆಸಾರ್ಟುಗಳು ಹೋದ ಮೇಲೆ ಜನ ಸೇರುವ ಜಾಗ ಸಣಾಪುರದ ಕಡೆಗೂ ಅಂಜನಾದ್ರಿಯ ಬುಡಕ್ಕೂ ಸರಿದಿದೆ. ಹುಣ್ಣಿಮೆಗೆ ಹುಲಿಗಿ, ಜನವರಿಯಲ್ಲಿ ಗವಿಮಠದ ಜಾತ್ರೆ. ಹೆಸರಿಲ್ಲದ ಹುಡುಗ ಹೊಟ್ಟೆ ತುಂಬಿಸಿಕೊಂಡು ಕಣ್ಣಿಗೆ ಬೀಳದೆ ಇರಬಹುದಾದ ಜಾಗಗಳಿವು. ಇದರ ಮೇಲೆ ಹೊಸ ರೈಲುಗಳು. ಹಿಂದೆ ಹುಬ್ಬಳ್ಳಿ–ಗುಂತಕಲ್ ದಾರಿಯೊಂದೇ ಇತ್ತು, ಹಂಪಿ ಎಕ್ಸ್‌ಪ್ರೆಸ್ ಹತ್ತಿದವ ಬೆಳಗ್ಗೆ ಬೆಂಗಳೂರಿನಲ್ಲಿ. ಈಗ ಗಂಗಾವತಿ, ಕಾರಟಗಿಗಳಿಗೆ ರೈಲಿದೆ. ಗದಗ–ವಾಡಿ ಮಾರ್ಗದಲ್ಲಿ 2025ರಲ್ಲಿ ಕುಷ್ಟಗಿಯಿಂದಲೂ ಹುಬ್ಬಳ್ಳಿಗೆ ರೈಲು ಹೊರಟಿತು. ಹಸಿರು ಬಾವುಟ, ಹಾರ ತುರಾಯಿ ಎಲ್ಲ ಆಯಿತು. ಗುಳೆಯ ಸೀಮೆಯ ನಟ್ಟನಡುವೆ ಹೊಸ ಪ್ಲಾಟ್‌ಫಾರಂ ಬಂದಾಗ ಮಕ್ಕಳ ಸಹಾಯ ಮೇಜನ್ನು ಟಿಕೆಟ್ ಕೌಂಟರಿನ ಜೊತೆಯಲ್ಲೇ ಇಡಬೇಕಿತ್ತು. ರಾಯಚೂರು ಎಂದೋ ಕಲಿಸಿದ ಪಾಠ ಅದು: ಮೊದಲ ದಿನ ಕಂಡ ಮಗು ಮನೆಗೆ ಹೋಗುತ್ತದೆ, ಮೂರು ತಿಂಗಳು ತಡವಾದರೆ ಅದಕ್ಕೆ ಶಿಬಿರವೇ ಬೇಕು.

ನಾವು ಕೇಳುವುದು ಹೆಚ್ಚೇನಿಲ್ಲ. ಕೊಪ್ಪಳದ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ವರ್ಷಕ್ಕೊಮ್ಮೆ ಎರಡು ಅಂಕಿ ಪ್ರಕಟಿಸಲಿ. ಮನೆಗೆ ಮುಟ್ಟಿಸಿದ ಮಕ್ಕಳೆಷ್ಟು ಎಂಬುದು ಮೊದಲನೆಯದು. ಆರು ತಿಂಗಳ ಮೇಲೂ ಅವರಲ್ಲಿ ಮನೆಯಲ್ಲಿ, ಇಲ್ಲವೆ ಗೊತ್ತಿರುವ ಸುರಕ್ಷಿತ ಜಾಗದಲ್ಲಿ, ಇರುವವರೆಷ್ಟು ಎಂಬುದು ಎರಡನೆಯದು. ಎರಡನೆಯ ಅಂಕಿಗೆ ಯಾರಾದರೂ ಹಳ್ಳಿಗೆ ಹೋಗಿ ಬಾಗಿಲು ತಟ್ಟಬೇಕು. ಪಂಚಾಯಿತಿ ಮಟ್ಟದ ಕಾವಲು ಸಮಿತಿ ಕಾಗದದ ಮೇಲೆ ಇದ್ದೇ ಇದೆ. ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಮುಖ್ಯ ಶಿಕ್ಷಕರು ಅದರಲ್ಲಿದ್ದಾರೆ, ಮತ್ತು ಯಾವ ಮನೆಯ ಹುಡುಗ ಮತ್ತೆ ಕಾಣುತ್ತಿಲ್ಲ ಎಂಬುದು ಅವರಿಗೆ ನಮಗಿಂತ ಮೊದಲು ಗೊತ್ತಾಗುತ್ತದೆ. ಮಕ್ಕಳ ಹೆಸರು ಬೇಡ, ಊರು ಬೇಡ, ತಾಲ್ಲೂಕುವಾರು ಎರಡು ಅಂಕಿ ಸಾಕು. ಮೊದಲ ವರ್ಷದ ಲೆಕ್ಕ ಕೆಟ್ಟದಾಗಿಯೇ ಇರುತ್ತದೆ. ಇದ್ದರೂ ಕೊಡಲಿ, ಈ ಪುಟದಲ್ಲೇ ಅಚ್ಚು ಹಾಕುತ್ತೇವೆ.